ತಿಥಿ ನೋಡಿ ಹೊರಟ ತಿರುಗಾಟ

ಅಘನಾಶಿನಿಯ ಅಳಿವೆ ನೋಡಬೇಕೆನ್ನುವವರು ಬಸ್ಸಿನ ವೇಳೆ ವಿಚಾರಿಸುವ ಮೊದಲು ಪಂಚಾಂಗ ತೆಗೆಯುವುದು ಒಳ್ಳೆಯದು. ಹುಣ್ಣಿಮೆಯೋ ಅಮಾವಾಸ್ಯೆಯೋ ಕಳೆದ ಮರುದಿನ, ಇಲ್ಲವೇ ಅದರ ಮರುದಿನ ಆದರೆ ಸರಿಹೋಗುತ್ತದೆ. ಆ ದಿನಗಳಲ್ಲಿ ಹೊತ್ತು ಮೂಡುವಾಗ ನೀರು ಪೂರ್ತಿ ಇಳಿದಿರುತ್ತದೆ, ಊಟದ ಹೊತ್ತಿಗೆ ದಂಡೆ ಮುಟ್ಟುತ್ತದೆ, ದೀಪ ಹಚ್ಚುವ ಹೊತ್ತಿಗೆ ಮತ್ತೆ ಕೆಳಗೆ. ಅಷ್ಟಮಿಯ ಆಸುಪಾಸು ಹೋದರೆ ಏರಿದ್ದೂ ಗೊತ್ತಾಗದು, ಇಳಿದಿದ್ದೂ ಗೊತ್ತಾಗದು. ದಿನಕ್ಕೆ ಹತ್ತಿರಹತ್ತಿರ ಎರಡು ಗಳಿಗೆಯಷ್ಟು ತಡವಾಗುತ್ತ ಹೋಗುವ ಈ ಲೆಕ್ಕ ಕುಮಟಾ ಕಡೆಯ ಮೀನುಗಾರರ ಮನೆಯ ಹುಡುಗರಿಗೆ ಮಗ್ಗಿಗಿಂತ ಮೊದಲೇ ಬಂದಿರುತ್ತದೆ. ಘಟ್ಟದ ಮೇಲಿನ ನನ್ನಂಥವರು ಮೊಬೈಲಿನಲ್ಲಿ ಹುಡುಕಬೇಕು.

ಮಾಘ ಮಾಸದಲ್ಲಿ ಹುಣ್ಣಿಮೆಯ ಬೆನ್ನಿಗೇ ರಜೆ ಸಿಕ್ಕಿತು. ಕುಮಟಾದಲ್ಲಿ ಅತ್ತೆಯ ಮನೆ, ಅತ್ತೆಯ ಮಗ ನನಗೆ ಭಾವ. ಅವನದೊಂದು ಹಳೆಯ ಸ್ಕೂಟರು. ಅಳಿವೆಯನ್ನು ಒಂದು ಸುತ್ತು ಹಾಕಿ ಸಂಜೆಗೆ ಮನೆ ಸೇರುವುದು ನಮ್ಮ ಲೆಕ್ಕ: ಕುಮಟಾದಿಂದ ಬಾಡ, ಕಾಗಾಲ ದಾಟಿ ಅಘನಾಶಿನಿ ಊರು, ಅಲ್ಲಿಂದ ಸ್ಕೂಟರನ್ನೂ ದೋಣಿಗೆ ಹಾಕಿಕೊಂಡು ಆಚೆ ದಡದ ತದಡಿ, ಮುಂದೆ ಸಾಣಿಕಟ್ಟಾ, ಹನೇಹಳ್ಳಿ, ಮಾದನಗೇರಿ, ಮಿರ್ಜಾನ, ದೀವಗಿಯ ಸೇತುವೆ ದಾಟಿ ಮತ್ತೆ ಕುಮಟಾ. ಗೋಕರ್ಣ ಕೈಯಳತೆಯಲ್ಲಿದ್ದರೂ ಈ ಪಟ್ಟಿಯಲ್ಲಿಲ್ಲ. ಓಂ ಬೀಚಿನ ದಾರಿಯಲ್ಲಿ ಶನಿವಾರ ಭಾನುವಾರ ನಿಲ್ಲುವ ಕಾರುಗಳ ಸಾಲನ್ನು ಕಂಡವರು ಇದಕ್ಕೆ ಕಾರಣ ಕೇಳುವುದಿಲ್ಲ.

ಕುಮಟಾ ಬಿಡುವಾಗ ಒಂದು ಸಂಗತಿ ನೆನಪಾಗದೆ ಇರದು. ಧಾರವಾಡದ ಎರೆಮಣ್ಣಿನ ಹತ್ತಿ ಚಕ್ಕಡಿಯಲ್ಲಿ ಘಟ್ಟ ಇಳಿದು ಈ ಬಂದರಿನಿಂದ ಹಡಗು ಹತ್ತುತ್ತಿದ್ದ ಕಾಲವೊಂದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಇಲ್ಲಿಯ ಪೇಟೆಗೆ ಸುಗ್ಗಿಯೋ ಸುಗ್ಗಿ. ಬೆಳೆದದ್ದು ನಮ್ಮ ಧಾರವಾಡದ ಕಡೆ, ಹೊರಗಿನ ಪೇಟೆಯಲ್ಲಿ ಹೆಸರು ಬಿದ್ದದ್ದು ಕುಮಟಾ ಹತ್ತಿ ಅಂತ. ಹತ್ತಿ ರೈಲು ಹತ್ತಿ ಮರ್ಮಗೋವಾ ಕಡೆ ಹೋದಮೇಲೆ ಬಂದರು ಸದ್ದಡಗಿತು. ಭಾವನಿಗೆ ಇದರಲ್ಲಿ ಈಗಲೂ ಒಂದು ಸಣ್ಣ ಖುಷಿ. “ನಿಮ್ಮ ಹತ್ತಿ, ನಮ್ಮ ಹೆಸರು” ಅಂತ ಹೊಲನಗದ್ದೆ ಬರುವವರೆಗೂ ಕಾಡಿಸಿದ.

ಅಘನಾಶಿನಿ ಊರು ಮುಟ್ಟುವಾಗ ಸೂರ್ಯ ಗುಡ್ಡದ ನೆತ್ತಿಗೆ ಬಂದಿದ್ದ. ಹೊಳೆಯ ನಡುವೆ ಒಂದು ಬಯಲು ಎದ್ದಿತ್ತು. ನಿನ್ನೆ ರಾತ್ರಿ ದೋಣಿ ಓಡಾಡಿದ ಜಾಗದಲ್ಲಿ ಈಗ ಮರಳು, ಕೆಸರು, ಅಲ್ಲಲ್ಲಿ ಮೊಣಕಾಲುದ್ದದ ನೀರು. ಆ ಬಯಲಿನ ತುಂಬ ಜನ. ಹೆಂಗಸರೇ ಹೆಚ್ಚು, ಸೀರೆಯನ್ನು ಎತ್ತಿ ಕಟ್ಟಿ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದರು. ಒಬ್ಬೊಬ್ಬರ ಸೊಂಟದಿಂದಲೂ ಒಂದು ಹಗ್ಗ, ಹಗ್ಗದ ತುದಿಯಲ್ಲಿ ತೇಲುವ ಪ್ಲಾಸ್ಟಿಕ್ ಟಬ್ಬು. ನಿಂತವರು ನಿಂತಲ್ಲೇ ನಿಧಾನ ತಿರುಗುತ್ತಿದ್ದರು. ದೂರದಿಂದ ನೋಡಿದರೆ ಏನೂ ಕೆಲಸ ಮಾಡದೆ ಹರಟೆ ಹೊಡೆಯುತ್ತಿದ್ದಾರೆ ಅನ್ನಿಸಬೇಕು. ಹರಟೆಯೂ ಜೋರಾಗಿಯೇ ಇತ್ತು. ಆಗಾಗ ಒಬ್ಬಾಕೆ ಬಗ್ಗಿ, ಗದ್ದದವರೆಗೆ ಮುಳುಗಿ, ಕೈತುಂಬ ಬಳಚು, ಅಂದರೆ ಚಿಪ್ಪುಮೀನು, ಎತ್ತಿ ಟಬ್ಬಿಗೆ ಹಾಕುವಳು. ಮತ್ತೆ ಮಾತು, ಮತ್ತೆ ತಿರುಗುವುದು.

ಹುಡುಕುವುದು ಕೈಯಲ್ಲ, ಕಾಲು. ದಂಡೆಗೆ ಹತ್ತಿರ ಇದ್ದ ಒಬ್ಬ ಹಿರಿಯ ಹೆಂಗಸನ್ನು ಮಾತಾಡಿಸಿದೆ.

“ಅಕ್ಕಾ, ಕೆಸರಿನೊಳಗೆ ಇರೋದು ಕಾಲಿಗೆ ಹೇಗೆ ಗೊತ್ತಾಗ್ತದೆ?”

“ಚಪ್ಪಲಿ ಬಿಟ್ಟು ಇಳೀರಿ, ಗೊತ್ತಾಗ್ತದೆ.”

ಇಳಿದೆ. ಮೊದಲು ತಿಳಿದದ್ದು ತಣ್ಣಗೆ ಅಂಟುವ ಮಣ್ಣು ಮಾತ್ರ. ಸ್ವಲ್ಪ ಹೊತ್ತಿಗೆ ಹೆಬ್ಬೆರಳಿನ ಬುಡಕ್ಕೆ ಒಂದು ಅಂಚು ತಾಗಿತು. ಅದು ಸತ್ತ ಚಿಪ್ಪು ಅಂತ ಆಕೆ ನನ್ನ ಮುಖ ನೋಡಿಯೇ ಹೇಳಿಬಿಟ್ಟಳು. ಸತ್ತ ಚಿಪ್ಪು ಅಡ್ಡ ಮಲಗಿರುತ್ತದಂತೆ, ಜೀವ ಇರುವುದು ನಿಂತಿರುತ್ತದಂತೆ. ನೀರಿಲ್ಲದ ಕಡೆ ಇನ್ನೂ ಸುಲಭ, ಮರಳಿನ ಮೇಲೆ ಪಕ್ಕಪಕ್ಕದಲ್ಲಿ ಎರಡು ಸಣ್ಣ ತೂತು ಕಾಣುತ್ತವೆ. ಒಂದರಿಂದ ನೀರು ಒಳಗೆಳೆದುಕೊಂಡು, ಅದರಲ್ಲಿನ ಕಣ್ಣಿಗೆ ಕಾಣದ ಆಹಾರ ಸೋಸಿ, ಇನ್ನೊಂದರಿಂದ ಹೊರಗೆ ಬಿಡುವುದು ಅದರ ಊಟದ ಕ್ರಮ. ಆಕೆ ಒಂದನ್ನು ಎತ್ತಿ ನನ್ನ ಅಂಗೈಗೆ ಇಟ್ಟಳು. ಹಳದಿ ಕಂದು ಮೈಮೇಲೆ ಒತ್ತೊತ್ತಾಗಿ ಗೀರು. ಎರಡು ಹೋಳು ಬಿಗಿಯಾಗಿ ಮುಚ್ಚಿಕೊಂಡು, ಸಂದಿಯಿಂದ ಸಣ್ಣಗೆ ನೀರು ಚಿಮ್ಮಿಸಿತು. ಬೆರಳಿನಷ್ಟೂ ಅಗಲವಿಲ್ಲದ ಇನ್ನೊಂದನ್ನು “ಇದು ಈಗಲೇ ಅಲ್ಲ” ಎಂದು ಮರಳಿ ನೀರಿಗೆ ಎಸೆದಳು. ಅದನ್ನು ನನಗೆ ತೋರಿಸಲಿಕ್ಕೆ ಮಾಡಿದ್ದಲ್ಲ, ಮುಂದೆಯೂ ಎಸೆಯುತ್ತಲೇ ಇದ್ದಳು.

ಗಂಡಸರು ಆಳದ ಕಡೆ ದೋಣಿ ನಿಲ್ಲಿಸಿ ಮುಳುಗು ಹಾಕಿ ತೆಗೆಯುತ್ತಾರೆ. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು ಎಲ್ಲರೂ ಇದ್ದಾರೆ. ಅಳಿವೆಯ ಸುತ್ತಿನ ಹಳ್ಳಿಗಳಲ್ಲಿ ಸಾವಿರಾರು ಮಂದಿಗೆ ಇದೇ ದುಡಿಮೆ. ದೋಣಿ ಬೇಡ, ಬಲೆ ಬೇಡ, ಬ್ಯಾಂಕಿನ ಸಾಲವೂ ಬೇಡ. ಇಳಿತದ ಹೊತ್ತಿಗೆ ಬಂದು ನಿಂತರಾಯಿತು. ಸತ್ತ ಚಿಪ್ಪೂ ವ್ಯರ್ಥವಲ್ಲ, ಸುಣ್ಣಕ್ಕೆ ಹೋಗುತ್ತದೆ. ಭಾವ ದಂಡೆಯಲ್ಲೇ ನಿಂತು ಬಳಚು, ಕಲಗ, ನೀಲಿಕಲ್ಲು ಎಂಬ ಚಿಪ್ಪುಮೀನುಗಳಿಗೆಲ್ಲ ಕುಮಟಾ ಪೇಟೆಯಲ್ಲಿ ಈ ವಾರ ಏನು ರೇಟು, ಗೋವಾದ ಗಾಡಿ ಬಂದರೆ ಎಷ್ಟಕ್ಕೆ ಏರುತ್ತದೆ ಅಂತ ನನಗೆ ಪಾಠ ಮಾಡಿದ. ಜನ್ಮದಲ್ಲಿ ಒಂದು ಸಿಗಡಿ ಬಾಯಿಗೆ ಹಾಕಿದವನಲ್ಲ. ಕರಾವಳಿಯ ಹವ್ಯಕರಲ್ಲಿ ಇದೊಂದು ಸೋಜಿಗ: ತಿನ್ನದ ಮೀನಿನ ಹೆಸರು, ಹಂಗಾಮು, ದರ ಎಲ್ಲವೂ ಕಂಠಪಾಠ.

ಎಂಟು ದಾಟುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರೇ ಟಬ್ಬು ಎಳೆದುಕೊಂಡು ದಂಡೆಗೆ ಬರತೊಡಗಿದರು. ನನಗೆ ನೀರು ಏರಿದ್ದೇ ಕಾಣಲಿಲ್ಲ. ಆಮೇಲೆ ನೋಡಿದರೆ ನಾನು ನಿಂತು ಮಾತಾಡಿದ ಜಾಗದಲ್ಲಿ ಒಂದು ದೋಣಿ ಹೋಗುತ್ತಿತ್ತು.

ದೋಣಿಯ ದಾಟು ಕೆಲವೇ ನಿಮಿಷದ್ದು. ಶಾಲೆಯ ಮಕ್ಕಳು, ಬೈಕುಗಳು, ತೆಂಗಿನಕಾಯಿ ಮೂಟೆ, ನಾವು. ಎಡಗಡೆ ಸಮುದ್ರದ ಬಾಯಿ, ಬಲಗಡೆ ಕಣ್ಣು ಹಾಯುವಷ್ಟೂ ಹಿನ್ನೀರು, ಅದರಾಚೆ ಸಹ್ಯಾದ್ರಿಯ ನೀಲಿ. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿದ ಹೊಳೆ ಉಂಚಳ್ಳಿಯಲ್ಲಿ 116 ಮೀಟರು ಕೆಳಗೆ ಧುಮುಕಿ ಇಲ್ಲಿಗೆ ಬರುವವರೆಗೆ ಎಲ್ಲೂ ಒಂದು ಅಣೆಕಟ್ಟನ್ನು ಕಂಡಿಲ್ಲ. ಪಕ್ಕದ ಶರಾವತಿಗೂ ಕಾಳಿಗೂ ಸಿಗದ ಭಾಗ್ಯ ಇದು. ತದಡಿಯ ಮೀನುಗಾರಿಕೆ ಬಂದರಿನಲ್ಲಿ ಇಳಿದು ಚಾ ಕುಡಿಯುವಾಗ, ಇದೇ ಜಾಗದಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಏಳಬೇಕಿತ್ತು ಎಂಬುದನ್ನು ನಂಬುವುದು ಕಷ್ಟ. ಊರವರ ವಿರೋಧ ಜೋರಾಗಿ ಆ ಯೋಜನೆ ಕೈಬಿಟ್ಟರು. ಚಾದ ಜೊತೆ ಬಂದ ಬನ್ಸ್ ಬಿಸಿಯಾಗಿತ್ತು ಅಂತಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ತದಡಿಯಿಂದ ಸಾಣಿಕಟ್ಟಾದ ದಾರಿಯಲ್ಲಿ ಅಲ್ಲಲ್ಲಿ ಕಾಂಡ್ಲಾ ಗಿಡಗಳ ಹಿಂಡು. ನೀರು ಬೇರಿನ ಬುಡಕ್ಕೆ ಬಂದಿತ್ತು. ನುಗ್ಗೆಕಾಯಿಯಂತೆ ಜೋತುಬಿದ್ದ ಅದರ ಕಾಯಿ ನಿಜಕ್ಕೆ ಕಾಯಲ್ಲ, ಮರದ ಮೇಲೆಯೇ ಮೊಳೆತ ಸಸಿ. ಇಳಿತದಲ್ಲಿ ಬಿದ್ದರೆ ಕೆಸರಿಗೆ ನೆಟ್ಟಗೆ ಚುಚ್ಚಿಕೊಂಡು ಅಲ್ಲೇ ಬೇರು ಬಿಡುತ್ತದೆ, ಭರತದಲ್ಲಿ ಬಿದ್ದರೆ ತೇಲಿ ಬೇರೆ ದಂಡೆ ಹುಡುಕುತ್ತದೆ. ಈ ಬೇರುಗಳ ಸಂದಿಯೇ ಮೀನು, ಸಿಗಡಿ, ಏಡಿಗಳ ಮರಿಗಳಿಗೆ ಅಡಗುವ ಜಾಗ. ದಂಡೆ ಕೊರೆಯದಂತೆ ಕಾಯುವುದೂ ಇವೇ.

ಸಾಣಿಕಟ್ಟಾ ಮುಟ್ಟುವಾಗ ನೆತ್ತಿ ಸುಡುವ ಬಿಸಿಲು. ಉಪ್ಪಿನ ಆಗರ ನೋಡಲಿಕ್ಕೆ ಅದೇ ಸರಿಯಾದ ಹೊತ್ತು, ಕಣ್ಣಿಗೆ ಮಾತ್ರ ಶಿಕ್ಷೆ. ಭರತದ ನೀರನ್ನು ತೂಬಿನಿಂದ ಒಳಗೆ ಬಿಟ್ಟುಕೊಂಡು, ಒಂದು ಕಟ್ಟೆಯಿಂದ ಇನ್ನೊಂದು ಕಟ್ಟೆಗೆ ಹಾಯಿಸುತ್ತ, ಬಿಸಿಲಿಗೂ ಗಾಳಿಗೂ ಒಡ್ಡಿ ದಿನದಿಂದ ದಿನಕ್ಕೆ ಗಟ್ಟಿಮಾಡುತ್ತಾರೆ. ಕೊನೆಗೆ ಅದು ಬರುವುದು ಸಣ್ಣ ಪಾತಿಗಳಿಗೆ. ಈ ಪಾತಿಗಳ ನೆಲ ಸಿಮೆಂಟಿನದಲ್ಲ; ಜೇಡಿಮಣ್ಣನ್ನು ಹಂಗಾಮಿನ ಮೊದಲು ತುಳಿದು ತುಳಿದು ನುಣುಪು ಮಾಡಿದ್ದು. ಅದಕ್ಕೇ ಇಲ್ಲಿಯ ಉಪ್ಪಿಗೆ ಅಂಗಡಿಯ ಪೊಟ್ಟಣದ ಬಿಳುಪಿಲ್ಲ, ತುಸು ಮಣ್ಣಿನ ಛಾಯೆ.

ಒಬ್ಬಾತ ಉದ್ದ ಹಿಡಿಯ ಮರದ ಹಲಗೆಯಲ್ಲಿ ಪಾತಿಯ ಉಪ್ಪನ್ನು ಎಳೆಯುತ್ತಿದ್ದ. ಎಳೆತದಲ್ಲಿ ಒಂದು ಹದ ಇತ್ತು. ಜೋರು ಮಾಡಿದರೆ ತಳದ ಮಣ್ಣು ಏಳುತ್ತದೆ, ಹಗುರ ಮಾಡಿದರೆ ಅರ್ಧ ಉಪ್ಪು ಅಲ್ಲೇ ಉಳಿಯುತ್ತದೆ. ಹಲಗೆ ಮುಂದೆ ಸರಿದಂತೆ ನೀರಿನಡಿಯ ಹರಳು ಗರಗರ ಎನ್ನುತ್ತ ಅಂಚಿಗೆ ಬಂದು ರಾಶಿಯಾಗುತ್ತಿತ್ತು. ಆತ ರಾಶಿಯನ್ನು ಕೂಡಲೇ ಮೇಲೆತ್ತಲಿಲ್ಲ. ನೀರು ಬಸಿಯಲಿ ಅಂತ ಬಿಟ್ಟು ಪಕ್ಕದ ಪಾತಿಗೆ ಹೋದ. ಮಳೆಯ ಮೊದಲ ಹನಿ ಬೀಳುವವರೆಗೆ ಇದೇ ಕೆಲಸ. ಆಮೇಲೆ ಅದೇ ಆಗರದಲ್ಲಿ ಉಪ್ಪಿನ ಹೆಸರೂ ಇರುವುದಿಲ್ಲ, ಬರೀ ಮಳೆನೀರು.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಮನೆಗಳಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರು ಇಂದಿಗೂ ಕೇಳುವುದು ಸಾಣಿಕಟ್ಟಾ ಉಪ್ಪನ್ನೇ. ಪೊಟ್ಟಣದ ಪುಡಿಯುಪ್ಪಿನಲ್ಲಿ ಮಿಡಿ ಮೆತ್ತಗಾಗುತ್ತದೆ ಎಂಬುದು ಅತ್ತೆಯ ತೀರ್ಪು, ಅದಕ್ಕೆ ಮೇಲ್ಮನವಿ ಇಲ್ಲ. ಒಳ್ಳೆಯ ಅಪ್ಪೆಯ ಮರಗಳಿರುವುದೂ ಇದೇ ಅಘನಾಶಿನಿಯ ಮೇಲಿನ ದಂಡೆಗಳಲ್ಲಿ, ಬೇರು ಹೊಳೆಯ ತಂಪಿಗೆ ಚಾಚಿಕೊಂಡು. ಹೊಳೆಯ ತಲೆಯ ಕಡೆಯ ಮಿಡಿಗೆ ಅದರ ಬಾಯಿಯ ಉಪ್ಪು. ಭರಣಿಯಲ್ಲಿ ವರ್ಷಗಟ್ಟಲೆ ಉಳಿಯುವುದು ಇವೆರಡರ ಸಂಸಾರ. ಒಂದು ಚೀಲ ಉಪ್ಪು ಸ್ಕೂಟರಿನ ಕಾಲ ಬಳಿ ಬಂತು.

ಉಪ್ಪಿನ ಮಾತು ಬಂದಾಗ ಅಂಕೋಲೆಯನ್ನು ಬಿಡಲಿಕ್ಕಾಗದು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಅಲ್ಲಿ ಕಾಯಿದೆ ಮುರಿದು ಉಪ್ಪು ಮಾಡಿದರು. ದಾಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿ ವಾರವಾಗಿತ್ತಷ್ಟೆ. ಅಂಕೋಲೆ ಇಲ್ಲಿಂದ ಹೆದ್ದಾರಿಯಲ್ಲಿ ಸ್ವಲ್ಪವೇ ದೂರ, ಆದರೆ ನಮ್ಮ ದಾರಿ ಬೇರೆ.

ಮಾದನಗೇರಿಗೆ ಹೋಗುವಾಗ ಹನೇಹಳ್ಳಿ ಸಿಗುತ್ತದೆ. ಯಶವಂತ ಚಿತ್ತಾಲರ, ಅವರ ಅಣ್ಣ ಗಂಗಾಧರ ಚಿತ್ತಾಲರ ಊರು. ಮುಂಬಯಿಯಲ್ಲಿ ಬಾಳಿದ ಯಶವಂತರು ಕತೆಗಳಲ್ಲಿ ಮತ್ತೆ ಮತ್ತೆ ಇಲ್ಲಿಗೇ ಬಂದರು. ಅಲ್ಲೇ ಪಕ್ಕದ ಗೋಕರ್ಣದಿಂದ ಗೌರೀಶ ಕಾಯ್ಕಿಣಿ, ಜಯಂತ ಕಾಯ್ಕಿಣಿ. ಅಂಕೋಲೆ ಕಡೆಯಿಂದ ದಿನಕರ ದೇಸಾಯಿ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಬರಹಗಾರರು ಹೇಗೆ ಅಂತ ಭಾವನನ್ನು ಕೇಳಿದೆ. “ಮಳೆಗಾಲದಲ್ಲಿ ಬೇರೆ ಕೆಲಸ ಇರ್ತಿಲ್ಲೆ” ಅಂದ. ವಿಮರ್ಶಕರು ಇದಕ್ಕಿಂತ ಉದ್ದದ ಕಾರಣ ಕೊಟ್ಟಾರು, ನನಗೆ ಇದು ಸಾಕಾಯಿತು.

ಅಳಿವೆಯ ಒಳಭಾಗಕ್ಕೆ ಬಂದಂತೆ ಗಜನಿಗಳು ಶುರು. ನೋಡಲಿಕ್ಕೆ ಕೆರೆಯಂತೆ ಹರಡಿದ ನೀರು, ಸುತ್ತ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಇಳಿಬಿಟ್ಟ ಬಾಗಿಲು. ಇದು ಗದ್ದೆ ಎಂದರೆ ಹೊಸಬರು ನಂಬರು. ಮಳೆಗಾಲದಲ್ಲಿ ಇದೇ ದಾರಿಯಲ್ಲಿ ಬಂದಾಗ ಇಲ್ಲಿ ಕಗ್ಗದ ಪೈರು ಕಂಡಿದ್ದೆ. ಕಗ್ಗ ಉಪ್ಪುನೀರನ್ನು ತಡೆಯುವ ಭತ್ತ. ಮುಂಗಾರಿನ ಸಿಹಿನೀರು ಉಪ್ಪನ್ನು ತೊಳೆಯುತ್ತಿದ್ದಂತೆ ಬೀಜ ಚೆಲ್ಲುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧ ಇಲ್ಲ. ನೆರೆ ಏರಿ ದಿನಗಟ್ಟಲೆ ಮುಳುಗಿದರೂ ಕೊಳೆಯದೆ ನೀರಿನ ಮಟ್ಟಕ್ಕಿಂತ ಮೇಲೆ ಬೆಳೆಯುತ್ತದೆ. ಕೊಯ್ಲಿನಲ್ಲಿ ನೀರೊಳಗೆ ನಿಂತು ತೆನೆ ಮಾತ್ರ ಕೊಯ್ದುಕೊಂಡು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಹಲಗೆ ಎತ್ತಿದರೆ ಭರತದ ನೀರಿನ ಜೊತೆ ಮೀನು, ಸಿಗಡಿಯ ಮರಿ ಒಳಬಂದು ಕೊಳೆತ ಹುಲ್ಲಿನ ನಡುವೆ ಮೇಯುತ್ತವೆ. ಭತ್ತದ ಗದ್ದೆಯೇ ಮೀನಿನ ಗದ್ದೆ. ಈಗ ಕಗ್ಗ ಬೆಳೆಯುವವರು ಬೆರಳೆಣಿಕೆ. ಮಾಣಿಕಟ್ಟಾದಂಥ ಕೆಲವು ಕಡೆ ಹಟದಿಂದ ಉಳಿಸಿಕೊಂಡಿದ್ದಾರೆ. ಉಳಿದ ಕಡೆ ವರ್ಷವಿಡೀ ಸಿಗಡಿಯ ಹೊಂಡ, ಇಲ್ಲವೇ ಹಾಳುಬಿದ್ದ ಒಡ್ಡು. ಒಡ್ಡು ಒಬ್ಬರ ಸ್ವತ್ತಲ್ಲ, ಒಂದು ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು. ಊರು ಕೂಡಿ ದುರಸ್ತಿ ಮಾಡುವುದು ನಿಂತ ಕಡೆಯಲ್ಲೇ ಕಗ್ಗವೂ ನಿಂತಿದೆ.

ಇಡೀ ಅಳಿವೆಯ ಹಿಕಮತ್ತು ಇಷ್ಟೇ. ಮಳೆಯಲ್ಲಿ ಸಿಹಿ, ಆಗ ಭತ್ತ. ಮಳೆ ಹೋದಮೇಲೆ ಸಪ್ಪೆ ಉಪ್ಪು, ಆಗ ಸಿಗಡಿ, ಬಳಚು. ಬೇಸಿಗೆಯಲ್ಲಿ ಕಡು ಉಪ್ಪು, ಆಗ ಸಾಣಿಕಟ್ಟಾದ ಆಗರ. ನೀರು ತನ್ನ ರುಚಿ ಬದಲಿಸಿದಂತೆ ಜನ ತಮ್ಮ ಕೆಲಸ ಬದಲಿಸುತ್ತಾರೆ.

ಮಿರ್ಜಾನ ಕೋಟೆಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ಚಿರೆಕಲ್ಲಿನ ಗೋಡೆಗಳಿಗೆ ಹಾವಸೆ ಹತ್ತಿ ಹಸಿರಾಗುವುದು ಮಳೆಗಾಲದಲ್ಲಿ. ಮಾಘದ ಬಿಸಿಲಿಗೆ ಅದು ಬರಿಯ ಕಲ್ಲು, ಮದುವೆಗೆ ಮೊದಲಿನ ಫೋಟೋ ತೆಗೆಸುವ ಜೋಡಿಗಳು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಸೇರಿಕೊಂಡಿದೆ. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು ಕರಿಮೆಣಸಿನ ರಾಣಿ ಎಂದು ಕರೆದರು. ಘಟ್ಟದ ಮೆಣಸು ಹೊಳೆಯ ಬಾಯಿಗೆ ಇಳಿದು ಹಡಗು ಹತ್ತಿದ್ದಕ್ಕೆ ಈ ಕೋಟೆ ಕಾವಲು. ಬುರುಜಿನ ಮೇಲೆ ನಿಂತಾಗ ಕೊಂಕಣ ರೈಲಿನ ಸದ್ದು ಕೇಳಿಸಿತು.

ದೀವಗಿಯ ಸೇತುವೆಗೆ ಬಂದಾಗ ನೀರು ಇಳಿಯುತ್ತಿತ್ತು. ಹೆದ್ದಾರಿಯ ಲಾರಿಗಳು ಸೇತುವೆ ನಡುಗಿಸುತ್ತ ಹೋಗುತ್ತವೆ, ಕೆಳಗೆ ಬಗ್ಗಿ ನೋಡುವವರಿಲ್ಲ. 2024ರಲ್ಲಿ ಈ ಅಳಿವೆಯ 4801 ಹೆಕ್ಟೇರು ರಾಮ್ಸಾರ್ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಅದಕ್ಕೂ ಮೊದಲು ರಂಗನತಿಟ್ಟು ಒಂದೇ ಇತ್ತು. ಅಂತರರಾಷ್ಟ್ರೀಯ ಮಾನ್ಯತೆ ಬಂದ ಹೊತ್ತಿನಲ್ಲೇ, ಇದೇ ಹೊಳೆಯ ನೀರನ್ನು ಬಯಲುಸೀಮೆಯ ವೇದಾವತಿಗೆ ತಿರುಗಿಸುವ ಮಾತೂ ಬಂತು. ಅದನ್ನು ವಿರೋಧಿಸಿ ಶಿರಸಿಯ ಕಡೆ ದೊಡ್ಡ ಸಭೆಗಳೇ ನಡೆದವು. ಬಯಲುಸೀಮೆಯ ನೀರಿನ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಧಾರವಾಡದಲ್ಲಿ ನಲ್ಲಿ ಬರುವ ದಿನಕ್ಕೆ ಕಾದು ಕೂತವನೇ. ಆದರೆ ಇಂಥ ಯೋಜನೆಗಳ ಪರವಾಗಿ ಮಾತಾಡುವವರು ಮೊದಲು ಆಡುವ ಮಾತು ಒಂದಿದೆ: ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು. ಇವತ್ತು ಬೆಳಗ್ಗೆಯಿಂದ ನಾನು ಕಂಡದ್ದೆಲ್ಲ ಆ ವ್ಯರ್ಥದ ನೀರಿನ ಸಂಪಾದನೆಯೇ. ಮಳೆಗಾಲದ ನೆರೆ ಗಜನಿಯ ಉಪ್ಪು ತೊಳೆಯದಿದ್ದರೆ ಕಗ್ಗವಿಲ್ಲ. ಮೇಲಿನ ಮಣ್ಣು, ತರಗೆಲೆ ಇಳಿದು ಬರದಿದ್ದರೆ ಬಳಚಿಗೆ ಉಣ್ಣಲಿಕ್ಕಿಲ್ಲ.

ಹೊಳೆಯ ಹರಿವು ಬದಲಾದರೆ ಏನಾಗುತ್ತದೆ ಎಂಬುದರ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಕೆಳಗೆ ಗೇರುಸೊಪ್ಪೆಯ ಅಣೆಕಟ್ಟು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹೊನ್ನಾವರದವರೆಗೆ ಹರಿಯತೊಡಗಿ ಅಳಿವೆಯ ಉಪ್ಪು ತಗ್ಗಿತು, ಉಪ್ಪು ಬೇಡುವ ಚಿಪ್ಪುಗಳೂ ತಗ್ಗಿದವು. ಅಲ್ಲಿ ನೀರು ಕಡಿಮೆಯಾದದ್ದಲ್ಲ, ಹೊತ್ತು ತಪ್ಪಿದ್ದು. ಆ ಕರೆಂಟಿನಿಂದಲೇ ನಮ್ಮ ಮನೆಯ ಫ್ಯಾನು ತಿರುಗಿದ್ದು ಎಂಬುದನ್ನೂ ಭಾವ ಸೇತುವೆಯ ಮೇಲೆ ನೆನಪಿಸಿದ. ನಾನು ಉತ್ತರ ಕೊಡಲಿಲ್ಲ. ಅವನಿಗೂ ಉತ್ತರ ಬೇಕಿರಲಿಲ್ಲ. ಪೆಟ್ರೋಲು ಮುಗಿಯುತ್ತ ಬಂದದ್ದೇ ಅವನ ಚಿಂತೆ.

ಮನೆಗೆ ಬಂದು ಕಾಲು ತೊಳೆಯುವಾಗ ಅತ್ತೆ ಬಾಗಿಲಲ್ಲಿ ನಿಂತು ವಿಚಾರಣೆ ಶುರು ಮಾಡಿದರು.

“ತಮಾ, ಗೋಕರ್ಣದ ಬುಡಕ್ಕೆ ಹೋಗಿ ಮಹಾಬಲೇಶ್ವರನ ದರ್ಶನ ಮಾಡದೇ ಬಂದ್ರಾ? ಕೆಸರಲ್ಲಿ ಕಾಲು ಹುಗಿಯಲ್ಲೆ ಇಷ್ಟು ದೂರದಿಂದ ಬಂದಿದ್ಯಾ?”

ಭಾವ ಉಪ್ಪಿನ ಚೀಲವನ್ನು ಮುಂದೆ ಮಾಡಿದ. ಅತ್ತೆ ಒಂದು ಹರಳು ತೆಗೆದು ಬೆಳಕಿಗೆ ಹಿಡಿದರು, ನಾಲಿಗೆಗೆ ಮುಟ್ಟಿಸಿದರು. ದರ್ಶನದ ವಿಷಯ ಅಲ್ಲಿಗೇ ನಿಂತಿತು.

“ಉಪ್ಪೇನೋ ಚೊಲೋ ಇದ್ದು. ಈ ವರ್ಷ ಮರ ಹೂ ಬಿಟ್ಟಿದ್ದೇ ಕಮ್ಮಿ. ಶಿರಸಿ ಕಡೆ ಯಾರಿಗಾದರೂ ಫೋನ್ ಮಾಡಿ ಮಿಡಿ ಎಲ್ಲಿ ಸಿಗ್ತು ಕೇಳು ಮೊದಲು.”